ಬಾವಿಯಲ್ಲಿರುವವರಿಗೆ ಸುದ್ದಿ

ಲಿಫ್ಟ್ ಕಂಪನಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಸಂಬಳದ ಚೀಟಿಯೊಂದನ್ನು ಬಿಟ್ಟರೆ ಉಳಿದೆಲ್ಲ ಕಡೆ ಅವಳು ಎಕ್ಸ್‌ಚೇಂಜಕ್ಕ. ಗ್ರೀಸು ಮೆತ್ತಿಕೊಂಡ ಹುಡುಗರಿಗೂ ಅಕ್ಕ, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ದೊಡ್ಡ ಸಾಹೇಬರಿಗೂ ಅಕ್ಕ. ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನ ಕೋಣೆ ಅವಳದು. ಎದ್ದರೆ ತಲೆಗೆ ಬಡಿಯುವ ಕಡೆ ಫ್ಯಾಕ್ಸ್ ಯಂತ್ರ, ಬಡಿಯದ ಕಡೆ ಟೆಲಿಫೋನ್ ಬೋರ್ಡು, ಬಾಗಿಲ ಹಿಂದೆ ಈಮೇಲಿಗೆಂದು ತಂದಿಟ್ಟ ಕಂಪ್ಯೂಟರ್. ಬಾಗಿಲು ಪೂರ್ತಿ ತೆರೆದರೆ ಕಂಪ್ಯೂಟರಿಗೆ ತಾಗುತ್ತಿತ್ತು. ಹಾಗಾಗಿ ಈಮೇಲ್ ನೋಡಬೇಕಾದರೆ ಬಾಗಿಲು ಹಾಕಬೇಕು, ಬಾಗಿಲು ಹಾಕಿದರೆ ಸೆಕೆಯಲ್ಲಿ ಬೇಯಬೇಕು. ಊರೂರಿಗೆ ಲಿಫ್ಟು ಕೂರಿಸಿ ದುಡ್ಡು ಮಾಡಿದ ಕಂಪನಿಗೆ ತನ್ನ ಕಿವಿ ಬಾಯಿ ಎರಡನ್ನೂ ಇಡಲು ಸಿಕ್ಕಿದ್ದು ಅಷ್ಟೇ ಜಾಗ.

ಆ ಕೋಣೆಗೆ ಬರುವ ಸುದ್ದಿಗೆ ಮೂರು ವೇಷ. ಫೋನಿನಲ್ಲಿ ಬಂದದ್ದನ್ನು ಚೀಟಿಯಲ್ಲಿ ಬರೆಯುತ್ತಿದ್ದಳು, ಫ್ಯಾಕ್ಸಿನಲ್ಲಿ ಬಂದದ್ದನ್ನು ಸುರುಳಿ ಬಿಡಿಸಿ ಕತ್ತರಿಸುತ್ತಿದ್ದಳು, ಈಮೇಲಿನಲ್ಲಿ ಬಂದದ್ದನ್ನು ಅಚ್ಚು ತೆಗೆಯುತ್ತಿದ್ದಳು. ಮೂರನ್ನೂ ಒಂದೇ ಟ್ರೇಯಲ್ಲಿ ಜೋಡಿಸಿಕೊಂಡು ಮೇಜಿನಿಂದ ಮೇಜಿಗೆ ಹೊರಡುತ್ತಿದ್ದಳು. ಅವಸರದ್ದು ಮೇಲೆ, ಬೈಗುಳದ್ದು ನಡುವೆ, ಹೊಗಳಿಕೆ ಎಲ್ಲಕ್ಕಿಂತ ಕೆಳಗೆ. ಹೊಗಳಿಕೆಯನ್ನು ಮೊದಲು ಓದಿದ ಸಾಹೇಬರು ಉಳಿದದ್ದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಆ ಕೋಣೆ ಸೇರಿದ್ದೂ ಒಂದು ಸುದ್ದಿಯ ದೆಸೆಯಿಂದಲೇ. ಲಿಫ್ಟು ಮೇಲೆ ಕೆಳಗೆ ಓಡಾಡುವ ಉದ್ದನೆಯ ಗೂಡಿಗೆ ಕೆಲಸಗಾರರು ಬಾವಿ ಎನ್ನುತ್ತಾರೆ. ಅವಳ ಅಪ್ಪ ಬಾವಿಯ ಕೆಲಸಗಾರ. ಅವಳು ಶಾಲೆ ಮುಗಿಸಿ ಮುಂದೇನು ಎಂದು ಕೂತಿದ್ದ ವರ್ಷ, ಯಾರೂ ಎದುರು ನೋಡದಿದ್ದ ಹೊತ್ತಿನಲ್ಲಿ, ಅಮ್ಮ ಮತ್ತೆ ಬಸಿರಾದಳು. ಹೆರಿಗೆಯ ದಿನ ಅಪ್ಪ ಒಂದು ಕಟ್ಟಡದ ಬಾವಿಯೊಳಗೆ ಏಣಿಯ ಮೇಲೆ ನಿಂತು ಬೋಲ್ಟು ಬಿಗಿಯುತ್ತಿದ್ದ. ಆಸ್ಪತ್ರೆಯಿಂದ ಫೋನು ಬಂತು. ಕಟ್ಟಡದ ಕಾವಲುಗಾರನಿಗೆ ಖುಷಿ ತಡೆಯಲಾಗಲಿಲ್ಲ. ಮೇಲಿನ ಬಾಗಿಲಿನಿಂದ ಬಗ್ಗಿ, ಗಂಡು ಮಗು ಎಂದು ಕೂಗಿಬಿಟ್ಟ. ಅಪ್ಪ ತಲೆ ಮೇಲೆತ್ತಿ, ಎರಡೂ ಕೈ ಎತ್ತಿ, ಹೋ ಎಂದ. ಏಣಿಯ ಮೇಲೆ ನಿಂತವನು ಎರಡೂ ಕೈ ಎತ್ತಬಾರದು.

ಸೊಂಟ ಮುರಿದ ಅಪ್ಪ ಆಮೇಲೆ ಕುರ್ಚಿ ಬಿಟ್ಟು ಏಳಲಿಲ್ಲ. ಪರಿಹಾರ ಕೊಡುವುದಕ್ಕಿಂತ ಮಗಳಿಗೊಂದು ಸ್ಟೂಲು ಕೊಡುವುದು ಅಗ್ಗವೆಂದು ಕಂಪನಿ ಲೆಕ್ಕ ಹಾಕಿತು, ಅದನ್ನೇ ದೊಡ್ಡ ಮನಸ್ಸು ಎಂದು ಕರೆದುಕೊಂಡಿತು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಕುರ್ಚಿಯಲ್ಲಿ ಕೂತ ಅಪ್ಪನನ್ನೂ ತೊಡೆಯ ಮೇಲಿನ ತಮ್ಮನನ್ನೂ ನೋಡಿ, ಮತ್ತೆ ತಿಳಿಸುತ್ತೇವೆ ಎಂದು ಎದ್ದು ಹೋದರು. ತಿಳಿಸಿದವರಿಲ್ಲ. ಕೂದಲಿಗೆ ಬಿಳಿ ಬರುವ ಹೊತ್ತಿಗೆ ಅಪ್ಪ ಹೋಗಿದ್ದ, ತಮ್ಮ ಅದೇ ಕಂಪನಿಯಲ್ಲಿ ಅಪ್ಪನ ಕೆಲಸಕ್ಕೇ ಸೇರಿದ್ದ, ಮದುವೆಯಾಗಿ ಎರಡು ಮಕ್ಕಳ ತಂದೆಯಾಗಿ ಬೇರೆ ಮನೆ ಮಾಡಿದ್ದ. ಅಮ್ಮ ಇವಳ ಜೊತೆ ಉಳಿದಳು.

ಅಪ್ಪ ಬಿದ್ದ ಕಥೆಯನ್ನು ಮನೆಯಲ್ಲಿ ಎಲ್ಲರೂ ನಗುತ್ತ ಹೇಳುತ್ತಿದ್ದರು. ಅಪ್ಪನೇ ಮೊದಲು ನಗುತ್ತಿದ್ದ. ತಮ್ಮ ಮಾತ್ರ ಆ ಕಥೆ ಶುರುವಾದ ಕೂಡಲೇ ಎದ್ದು ಹೊರಗೆ ಹೋಗುತ್ತಿದ್ದ. ತಾನು ಹುಟ್ಟಿದ್ದಕ್ಕೆ ಅಪ್ಪನ ಸೊಂಟ ಮುರಿಯಿತು ಎಂಬುದು ಯಾವ ಮಗುವಿಗೂ ತಮಾಷೆಯಲ್ಲ. ಅವಳಿಗೆ ಇದು ಕಾಣುತ್ತಿತ್ತು, ಆದರೆ ಕಥೆಯನ್ನು ನಿಲ್ಲಿಸಬೇಕೆಂದು ಹೊಳೆಯಲಿಲ್ಲ.

ಅವಳು ತನ್ನಷ್ಟಕ್ಕೆ ಒಂದು ಕಟ್ಟಳೆ ಮಾಡಿಕೊಂಡಿದ್ದಳು. ಬಾವಿಯಲ್ಲಿರುವವನಿಗೆ ಮನೆಯ ಸುದ್ದಿ ಕೊಡಬಾರದು, ಕೆಟ್ಟದ್ದೂ ಬೇಡ, ಒಳ್ಳೆಯದೂ ಬೇಡ. ಯಾರದಾದರೂ ಮನೆಯಿಂದ ಫೋನು ಬಂದರೆ ಅವಳು ಮೊದಲು ಆ ಕಟ್ಟಡದ ಕಾವಲುಗಾರನಿಗೆ ಫೋನು ಹಚ್ಚಿ, ನಮ್ಮವನು ಒಳಗಿದ್ದಾನೋ ಹೊರಗಿದ್ದಾನೋ ಎಂದು ಕೇಳುತ್ತಿದ್ದಳು. ಒಳಗಿದ್ದರೆ, ಬಂದ ಮೇಲೆ ಫೋನಿನ ಹತ್ತಿರ ಕಳಿಸಿ, ಯಾಕೆಂದು ಹೇಳಬೇಡಿ ಎನ್ನುತ್ತಿದ್ದಳು. ಹಾಗೆ ಊರಿನ ಕಾವಲುಗಾರರೆಲ್ಲ ಅವಳಿಗೆ ಪರಿಚಯ. ಯಾರ ಮುಖವನ್ನೂ ಕಂಡವಳಲ್ಲ, ಆದರೆ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮಂಡಿ ನೋವು ಹೆಚ್ಚಾಯಿತು ಎಲ್ಲ ಬಾಯಿಪಾಠ.

ಹೀಗೆ ನಡೆಯುತ್ತಿದ್ದ ವ್ಯವಸ್ಥೆಗೆ ಒಂದು ದಿನ ಕಲ್ಲು ಬಿತ್ತು. ಒಂದು ಕಟ್ಟಡದಲ್ಲಿ ಲಿಫ್ಟು ಕೆಟ್ಟಿತೆಂದು ಬಾಡಿಗೆದಾರ ಫೋನು ಮಾಡಿದ, ಮಾಲೀಕ ಫ್ಯಾಕ್ಸು ಕಳಿಸಿದ, ಮಾಲೀಕನ ಅಳಿಯ ಈಮೇಲ್ ಹಾಕಿದ. ಒಬ್ಬೊಬ್ಬರೂ ಕಟ್ಟಡವನ್ನು ಒಂದೊಂದು ಹೆಸರಿನಿಂದ ಕರೆದಿದ್ದರು. ಟ್ರೇ ಹೊತ್ತ ಅಕ್ಕನಿಗೂ ಅದು ಹೊಳೆಯಲಿಲ್ಲ. ಮೂವರು ಮೆಕ್ಯಾನಿಕ್‌ಗಳು ಒಂದೇ ಬಾಗಿಲಲ್ಲಿ ಭೇಟಿಯಾಗಿ ನಕ್ಕರು. ಅದೇ ಹೊತ್ತಿಗೆ ಊರಿನ ಇನ್ನೊಂದು ಮೂಲೆಯಲ್ಲಿ ಒಬ್ಬ ಮುದುಕ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು, ಕಳಿಸಲು ಮೆಕ್ಯಾನಿಕ್ಕೇ ಇಲ್ಲದೆ, ಲಿಫ್ಟಿನ ನೆಲದಲ್ಲೇ ಕೂತು ಸುಸ್ತಾದ. ಮುದುಕ ಬದುಕಿಕೊಂಡ. ಆದರೆ ಅವನ ಮಗ ವಕೀಲ.

ದೊಡ್ಡ ಸಾಹೇಬರು ಎಚ್ಚೆತ್ತರು. ಫೋನಿನ ಮಾತು, ಫ್ಯಾಕ್ಸು, ಈಮೇಲು ಮೂರೂ ಒಂದೇ ಕಡೆ ಬಂದು ಬೀಳುವ, ಒಂದೇ ಕಡೆಯಿಂದ ತೆಗೆದು ನೋಡುವ ವ್ಯವಸ್ಥೆ ಆಗಬೇಕೆಂದರು. ಅದಕ್ಕೆ ಒಂದೇ ಪೆಟ್ಟಿಗೆ ಯೋಜನೆ ಎಂದು ಹೆಸರಾಯಿತು. ಹೊರಗಿನಿಂದ ಸಲಹೆಗಾರನೊಬ್ಬ ಬಂದ. ಏನು ಕೇಳಿದರೂ ಬೋರ್ಡಿನ ಮೇಲೆ ಒಂದು ಬಾಣದ ಗುರುತು ಹಾಕಿ ಉತ್ತರಿಸುತ್ತಿದ್ದ ಅವನಿಗೆ ಎರಡೇ ದಿನದಲ್ಲಿ ಬಾಣ ಎಂಬ ಹೆಸರು ಬಿತ್ತು. ಯೋಜನೆಯ ಸಮಿತಿಯಲ್ಲಿ ಬಾಣ, ಲೆಕ್ಕಪತ್ರದ ಮುಖ್ಯಸ್ಥರು, ಸರ್ವಿಸ್ ಮ್ಯಾನೇಜರು, ಜೊತೆಗೆ ಎಕ್ಸ್‌ಚೇಂಜಕ್ಕ.

ತನ್ನ ಹೆಸರು ಕೇಳಿ ಅವಳಿಗೆ ನಂಬಿಕೆ ಬರಲಿಲ್ಲ. ಆ ಉದ್ದ ಮೇಜಿನ ಸುತ್ತ ಟ್ರೇ ಹಿಡಿದು ಎಷ್ಟು ಸಲ ಸುತ್ತಿದ್ದಳೋ, ಕೂತದ್ದು ಅದೇ ಮೊದಲು. ಮೊದಲ ಸಭೆಯ ದಿನ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೊರಟವಳನ್ನು ಅಮ್ಮ ಮಂಚದ ಮೇಲಿಂದ ನೋಡಿ, ಯಾರನ್ನು ನೋಡೋಕೆ ಹೋಗ್ತಿದ್ದೀಯೇ ಎಂದು ಛೇಡಿಸಿದಳು. ಅಮ್ಮನಿಗೆ ಆಗಲೇ ಎದೆಯ ಕಾಯಿಲೆ. ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಬಾಯಿ ಮಾತ್ರ ಮೊದಲಿನಷ್ಟೇ ಚುರುಕು.

ಸಭೆಗಳೆಂದರೆ ಅಷ್ಟಿಷ್ಟಲ್ಲ. ಮೊದಲು ಗಂಟೆಗೆಷ್ಟು ಫೋನು, ಯಾವ ಹೊತ್ತಿಗೆ ಲೈನು ತುಂಬಿರುತ್ತದೆ, ಎಷ್ಟು ಲೈನು ಬೇಕು ಎಂದು ಬಾಣ ಕೇಳಿದ. ಆಮೇಲೆ ಶುರುವಾಯಿತು ಸಾಹೇಬರುಗಳ ಬಯಕೆ. ಒಬ್ಬರಿಗೆ ಈಮೇಲನ್ನು ಯಂತ್ರ ಫೋನಿನಲ್ಲಿ ಓದಿ ಹೇಳಬೇಕಂತೆ, ಕನ್ನಡಕ ಹುಡುಕುವ ಕಷ್ಟ ಬೇಡವಂತೆ. ಇನ್ನೊಬ್ಬರಿಗೆ ಸಂದೇಶ ಬಂದದ್ದು ತಿಳಿಯಬೇಕು, ಆದರೆ ತಾವು ಕೇಳಿಸಿಕೊಂಡದ್ದು ಯಾರಿಗೂ ತಿಳಿಯಬಾರದು. ಲೆಕ್ಕಪತ್ರದವರಿಗೆ ಫ್ಯಾಕ್ಸಿನ ಕಾಗದದ ಖರ್ಚು ಪೂರ್ತಿ ನಿಲ್ಲಬೇಕು, ಜೊತೆಗೆ ಪ್ರತಿ ಫ್ಯಾಕ್ಸಿನ ಕಾಗದದ ಪ್ರತಿಯೂ ಕಪಾಟಿನಲ್ಲಿರಬೇಕು. ಬಾಣ ಎಲ್ಲದಕ್ಕೂ ತಲೆಯಾಡಿಸಿ ಬಾಣ ಎಳೆದ. ಒಂದು ಮಾತನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ. ಸುದ್ದಿಗೆ ದಾರಿ ಒಂದೇ ಇರಬೇಕು, ಹಳೆಯದನ್ನೂ ಇಟ್ಟುಕೊಂಡರೆ ಜನ ಹೊಸದನ್ನು ನಂಬುವುದಿಲ್ಲ, ಆದ್ದರಿಂದ ಕಟ್ಟಡಗಳಿಗೆ ನೇರವಾಗಿ ಫೋನು ಮಾಡುವುದು ಪೂರ್ತಿ ನಿಲ್ಲಬೇಕು. ಅಕ್ಕನಿಗೆ ಆ ಮಾತು ಬಹಳ ಹಿಡಿಸಿತು. ಮನೆಗೆ ಬಂದು ಅಮ್ಮನಿಗೂ ಹೇಳಿದಳು.

ಮೆಕ್ಯಾನಿಕ್‌ಗಳ ಸರದಿ ಬಂದಾಗ, ಎಲ್ಲರಿಗೂ ಪೇಜರ್ ಕೊಡೋಣ, ಸಂದೇಶ ಬಿದ್ದ ತಕ್ಷಣ ಸೊಂಟದಲ್ಲಿ ಗುಂಯ್ ಎನ್ನಲಿ ಎಂದ ಬಾಣ. ಅಷ್ಟು ದಿನ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ ಅಕ್ಕ ಎದ್ದು ನಿಂತಳು. ಕೂತೇ ಮಾತಾಡಬಹುದಿತ್ತು. ಅಭ್ಯಾಸವಿರಲಿಲ್ಲ.

"ಬಾವೀಲಿರೋವ್ರಿಗೆ ಮನೆ ಸುದ್ದಿ ಹೋಗಬಾರ್ದು ಸಾರ್. ಹೊರಗೆ ಬರೋವರೆಗೂ ಅದು ಕಾಯಬೇಕು."

ಸರ್ವಿಸ್ ಮ್ಯಾನೇಜರು ನಕ್ಕರು. ತಕ್ಷಣ ತಲುಪುವುದಕ್ಕೇ ಇಷ್ಟು ಖರ್ಚು ಮಾಡುತ್ತಿರುವಾಗ ಕಾಯಿಸುವುದಕ್ಕೂ ಖರ್ಚೇ ಎಂದರು ಲೆಕ್ಕಪತ್ರದವರು. ಆಗ ಅವಳು ಅಪ್ಪನ ಕಥೆ ಹೇಳಿದಳು. ನಗದೆ ಹೇಳಿದ್ದು ಅದೇ ಮೊದಲ ಸಲ. ಎತ್ತಿದ ಎರಡು ಕೈಗಳನ್ನು ತೋರಿಸಿಯೂಬಿಟ್ಟಳು. ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಅಕ್ಕ ಹೇಳಿದ ಹಾಗೇ ಆಗಲಿ ಎಂದರು.

ಬಾಣ ಅದನ್ನು ಚೊಕ್ಕಟವಾಗಿ ಜೋಡಿಸಿದ. ಮೆಕ್ಯಾನಿಕ್ ಬಾವಿಗೆ ಇಳಿಯುವ ಮುಂಚೆ ಕಾವಲುಗಾರನ ಫೋನಿನಿಂದ ಪೆಟ್ಟಿಗೆಗೆ ಫೋನು ಮಾಡಿ ತನ್ನ ಸಂಖ್ಯೆ ಹೊಡೆದು ಒಂದನ್ನು ಒತ್ತಬೇಕು. ಹೊರಗೆ ಬಂದ ಮೇಲೆ ಎರಡನ್ನು ಒತ್ತಬೇಕು. ನಡುವೆ ಬರುವ ಹೊಸ ದೂರುಗಳು ತಾವಾಗಿಯೇ ಬೇರೆ ಮೆಕ್ಯಾನಿಕ್‌ಗೆ ಹೋಗುತ್ತವೆ. ಮನೆಯವರು ಮೂರನ್ನು ಒತ್ತಿ ಹೇಳುವ ಮಾತು ಮಾತ್ರ ಅವನು ಎರಡನ್ನು ಒತ್ತುವವರೆಗೆ ಕಾಯುತ್ತದೆ, ಆಮೇಲೆ ಪೇಜರು ಗುಂಯ್ ಎನ್ನುತ್ತದೆ. ದನಿ ಕೊಡಲು ಹೊರಗಿನವರನ್ನು ಕರೆದರೆ ಮತ್ತೆ ಖರ್ಚು ಎಂದು ಅಕ್ಕನಿಂದಲೇ ಓದಿಸಿದರು. ಫ್ಯಾನು ನಿಲ್ಲಿಸಿ, ಕಿಟಕಿ ಹಾಕಿ, ಬೆವರು ಒರೆಸಿಕೊಳ್ಳುತ್ತ ಅವಳು ಒಂದೊಂದು ವಾಕ್ಯವನ್ನೂ ಓದಿದಳು. "ಅವರು ಈಗ ಬಾವಿಯಲ್ಲಿದ್ದಾರೆ. ಹೊರಗೆ ಬಂದ ಕೂಡಲೇ ನಿಮ್ಮ ಮಾತು ಅವರಿಗೆ ತಲುಪುತ್ತದೆ. ಚಿಂತಿಸಬೇಡಿ." ಕೊನೆಯ ಆ ಮಾತು ಬರೆದುಕೊಟ್ಟದ್ದರಲ್ಲಿ ಇರಲಿಲ್ಲ, ಅವಳೇ ಸೇರಿಸಿದ್ದು.

ಅವಳಿಗೆ ಹೆಮ್ಮೆಯಾಗಿತ್ತು. ಆಗಬೇಕಾದದ್ದೇ. ಜೀವಮಾನವಿಡೀ ಬೇರೆಯವರ ಮಾತನ್ನು ಹೊತ್ತು ತಿರುಗಿದವಳ ಸ್ವಂತ ಮಾತೊಂದು ನಡೆದಿತ್ತು. ಆ ಹೆಮ್ಮೆಗೆ ತಣ್ಣೀರು ಎರಚಿದವನು ತಮ್ಮನೊಬ್ಬನೇ. ಕ್ಯಾಂಟೀನಿನಲ್ಲಿ ಎದುರಿಗೆ ಬಂದು ಕೂತವನು ಟೀ ಲೋಟ ತಿರುಗಿಸುತ್ತ ಕೇಳಿದ.

"ನಾನು ಹುಟ್ಟಿದ ಕಥೇನ ಮೀಟಿಂಗಲ್ಲೂ ಹೇಳಿದ್ಯಂತೆ?"

ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು ಕಣೋ ಎಂದಳು ಅಕ್ಕ. ಹೇಳು, ಇನ್ನು ಊರವರ ಪೇಜರಿಗೂ ಕಳಿಸು ಎಂದು ಅವನು ಟೀ ಕುಡಿಯದೆ ಎದ್ದು ಹೋದ.

ಒಂದೇ ಪೆಟ್ಟಿಗೆ ಶುರುವಾಯಿತು. ಫ್ಯಾಕ್ಸುಗಳು ಪರದೆಯ ಮೇಲೆ ಬಿದ್ದವು, ಟ್ರೇ ಕಪಾಟಿನ ಮೇಲೆ ಹೋಯಿತು, ಮುದುಕನ ಮಗ ಸುಮ್ಮನಾದ. ಕೆಲವು ವಾರ ಕಳೆಯುವಷ್ಟರಲ್ಲಿ ಪೆಟ್ಟಿಗೆಯ ಲೆಕ್ಕದಲ್ಲಿ ಒಂದು ಹೊಸ ಸಂಗತಿ ಕಾಣಿಸಿತು. ಮೆಕ್ಯಾನಿಕ್‌ಗಳು ಮೊದಲಿಗಿಂತ ಹೆಚ್ಚು ಹೊತ್ತು ಬಾವಿಯಲ್ಲಿರುತ್ತಿದ್ದರು. ಬೆಳಿಗ್ಗೆ ಇಳಿದವರು ಸಂಜೆಯೇ ಹತ್ತುತ್ತಿದ್ದರು. ಹುಡುಗರು ಮೈಮುರಿದು ದುಡಿಯುತ್ತಿದ್ದಾರೆ ಎಂದು ಸರ್ವಿಸ್ ಮ್ಯಾನೇಜರು ಬೀಗಿದರು, ಅದು ತಮ್ಮಿಂದಲೇ ಆದದ್ದೆಂಬಂತೆ. ಅಷ್ಟೆಲ್ಲ ದುಡಿಮೆಯಾದರೂ ದೂರುಗಳೇಕೆ ಕಡಿಮೆಯಾಗುತ್ತಿಲ್ಲ ಎಂದು ಯಾರೂ ಕೇಳಲಿಲ್ಲ. ಅಕ್ಕನ ಮನಸ್ಸಿಗೆ ಒಮ್ಮೆ ಬಂತು. ಕೆದಕಿದರೆ ತನ್ನ ಕಟ್ಟಳೆಗೇ ಏಟು ಬಿದ್ದೀತೆಂದು ಬಿಟ್ಟಳು.

ಆಮೇಲೆ ಅಮ್ಮ ನರ್ಸಿಂಗ್ ಹೋಮ್ ಸೇರಿದಳು. ಅಕ್ಕ ರಜೆ ಹಾಕಿ ಮಂಚದ ಪಕ್ಕ ಕೂತಳು. ತಮ್ಮ ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬಂದು, ಅಮ್ಮನ ಕಾಲು ಒತ್ತಿ, ಅಕ್ಕನೊಂದಿಗೆ ಬೇಕಾದಷ್ಟೇ ಮಾತಾಡಿ ಹೋಗುತ್ತಿದ್ದ. ಆ ಬೆಳಿಗ್ಗೆಯೂ ಬಂದಿದ್ದ. ನದಿ ದಂಡೆಯ ಕಟ್ಟಡದಲ್ಲಿ ಕೆಲಸ, ಸಂಜೆ ಬೇಗ ಬರುತ್ತೇನೆ ಎಂದ. ಅಮ್ಮ ಅವನ ಕಾಲರಿನಲ್ಲಿ ಹತ್ತಿದ್ದ ಗ್ರೀಸನ್ನು ಉಗುರಿನಿಂದ ಕೆರೆದು, ಬಟ್ಟೆ ಒಗೆಯೋರ ಮೇಲೆ ಸ್ವಲ್ಪ ಕರುಣೆ ಇರ್ಲಿ ಅಂದಳು.

ಅವನು ಹೋದ ಸ್ವಲ್ಪ ಹೊತ್ತಿಗೆಲ್ಲ ಅಮ್ಮನ ಉಸಿರು ಬೇರೆ ದಾರಿ ಹಿಡಿಯಿತು. ಡಾಕ್ಟರು ನೋಡಿ, ಹೊರಗೆ ಕರೆದು, ಬರಬೇಕಾದವರಿದ್ದರೆ ಬರಲಿ ಅಂದರು. ಅಮ್ಮನಿಗೆ ಬೇಕಾದವನು ಒಬ್ಬನೇ. ಕಣ್ಣು ಬಿಟ್ಟಾಗಲೆಲ್ಲ ಬಾಗಿಲ ಕಡೆ ನೋಡಿ, ಚಿಕ್ಕವನು ಬಂದನಾ ಎನ್ನುತ್ತಿದ್ದಳು.

ಅಕ್ಕ ಕಾರಿಡಾರಿನ ಫೋನಿಗೆ ಓಡಿದಳು. ಪೆಟ್ಟಿಗೆಯ ಸಂಖ್ಯೆ ಒತ್ತಿ, ತಮ್ಮನ ಸಂಖ್ಯೆ ಹೊಡೆದು, ಮೂರನ್ನು ಒತ್ತಿದಳು. ಅವಳದೇ ದನಿ ಅವಳಿಗೆ ಹೇಳಿತು, ಅವರು ಈಗ ಬಾವಿಯಲ್ಲಿದ್ದಾರೆ, ಹೊರಗೆ ಬಂದ ಕೂಡಲೇ ನಿಮ್ಮ ಮಾತು ತಲುಪುತ್ತದೆ, ಚಿಂತಿಸಬೇಡಿ. ಅಮ್ಮನಿಗೆ ಜಾಸ್ತಿಯಾಗಿದೆ, ಬೇಗ ಬಾ ಎಂದು ಹೇಳಿ ಇಟ್ಟಳು. ಇಟ್ಟವಳು ಮತ್ತೆ ಎತ್ತಿದಳು. ಆ ಕಟ್ಟಡದ ಕಾವಲುಗಾರನ ಸಂಖ್ಯೆ ಬೆರಳಿಗೇ ಗೊತ್ತಿತ್ತು. ಅರ್ಧ ಒತ್ತಿದಳು. ಬಾಣ ನಿಲ್ಲಿಸಿದ್ದ ದಾರಿ ಅದು, ಸಮಿತಿಯಲ್ಲಿ ಕೂತು ತಾನೂ ಹೂಂಗುಟ್ಟಿದ್ದಳು. ಅದನ್ನಾದರೂ ಗಾಳಿಗೆ ತೂರಬಹುದಿತ್ತು. ಕೈ ಕಟ್ಟಿಹಾಕಿದ್ದು ಬೇರೆಯೇ. ಯಾಕೆಂದು ಹೇಳಬೇಡಿ ಎಂದರೂ ತನ್ನ ಅಳುವ ದನಿಯೇ ಕಾವಲುಗಾರನಿಗೆ ಎಲ್ಲ ಹೇಳಿಬಿಡುತ್ತಿತ್ತು. ಏಣಿಯ ಮೇಲೆ ನಿಂತ ತಮ್ಮ ಕಣ್ಣಿಗೆ ಬಂದ. ಮೇಲಿನಿಂದ ಯಾರೋ ಬಗ್ಗಿ, ನಿನ್ನಮ್ಮನಿಗೆ ಜಾಸ್ತಿಯಂತೆ ಎಂದು ಕೂಗಿದ ಹಾಗೆ, ಅವನು ತಲೆ ಎತ್ತಿದ ಹಾಗೆ ಕಂಡಿತು. ರಿಸೀವರನ್ನು ನಿಧಾನಕ್ಕೆ ಕೆಳಗಿಟ್ಟಳು.

ಅಮ್ಮ ಮಧ್ಯಾಹ್ನವೆಲ್ಲ ಕಾದಳು. ಕಾಯುವುದು ಕಣ್ಣಲ್ಲಿ ಕಾಣುತ್ತಿತ್ತು. ಬರ್ತಾನಮ್ಮ, ಬಾವೀಲಿದ್ದಾನೆ ಎಂದು ಅಕ್ಕ ಹೇಳುತ್ತಲೇ ಇದ್ದಳು. ಬಾವಿ ಎಂದರೆ ಏನೆಂದು ಅಮ್ಮನಿಗಿಂತ ಚೆನ್ನಾಗಿ ಗೊತ್ತಿದ್ದವರಿರಲಿಲ್ಲ. ಆಯ್ತು, ಆಯ್ತು, ಹುಷಾರಾಗಿ ಹತ್ತಲಿ ಅಂದಳು. ಅದೇ ಅವಳ ಕೊನೆಯ ಮಾತು. ತಮ್ಮ ಮೆಟ್ಟಿಲುಗಳನ್ನು ಹಾರಿಕೊಂಡು ಬರುವ ಹೊತ್ತಿಗೆ ಕಿಟಕಿಯಲ್ಲಿ ಸಂಜೆಯಾಗಿತ್ತು, ನರ್ಸು ಅಮ್ಮನ ಮುಖಕ್ಕೆ ಬಟ್ಟೆ ಹೊದಿಸಿ ಆಗಿತ್ತು.

ಅವನು ಬಟ್ಟೆ ಸರಿಸಿ ನೋಡಿದ. ಆಮೇಲೆ ಅಕ್ಕನ ಕಡೆ ತಿರುಗಿದ.

"ಪೆಟ್ಟಿಗೆಗೆ ಹಾಕಿದ್ಯಾ? ಅಮ್ಮ ಸಾಯ್ತಿರೋದನ್ನ ಪೆಟ್ಟಿಗೆಗೆ ಹಾಕಿ ಕೂತ್ಯಾ ನೀನು?"

ಅವಳು ಸರಿದ ಬಟ್ಟೆಯನ್ನು ಮತ್ತೆ ಅಮ್ಮನ ಮುಖಕ್ಕೆ ಎಳೆದಳು. ಹೌದು, ಹಾಕಿದ್ದಳು.

ನೆಂಟರಿಷ್ಟರು ಬಂದ ಮನೆಯಲ್ಲಿ ಅವನು ಅದನ್ನು ಮತ್ತೆ ಹೇಳಿದ, ಬಂದವರಿಗೆಲ್ಲ ಹೇಳಿದ. ಕಂಪನಿಯಲ್ಲಿ ಹೆಸರು ಮಾಡುವ ಹುಚ್ಚಿಗೆ ಅಮ್ಮನ ಕೊನೆಯ ಉಸಿರನ್ನೂ ಯಂತ್ರದ ಬಾಯಿಗೆ ಕೊಟ್ಟಳು ಎಂದ. ಸೋದರಮಾವ, ದೊಡ್ಡ ಕೆಲಸದವರಿಗೆ ಮನೆ ಎಲ್ಲಿ ಕಾಣುತ್ತೆ ಎಂದು ಗೋಡೆಗೆ ಹೇಳಿದ, ಗೋಡೆಯ ಹತ್ತಿರ ಅಕ್ಕ ನಿಂತಿದ್ದಳು. ತಮ್ಮನ ಹೆಂಡತಿ ಮಕ್ಕಳನ್ನು ಅವಳ ತೊಡೆಯಿಂದ ಎಬ್ಬಿಸಿಕೊಂಡು ಹೋದಳು. ಅಕ್ಕ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ಒಳಗೊಳಗೆ ಅವಳಿಗೊಂದು ಸಮಾಧಾನವಿತ್ತು. ಬೈಯಲಿ, ಬೈಯುವುದಕ್ಕಾದರೂ ಇದ್ದಾನಲ್ಲ. ಆವತ್ತು ಫೋನು ಮಾಡಿದ್ದರೆ ಅಮ್ಮನ ಜೊತೆ ಇವನೂ ಹೋಗಿರುತ್ತಿದ್ದ. ಆ ಒಂದು ಯೋಚನೆಯನ್ನು ಹಿಡಿದುಕೊಂಡೇ ಅವಳು ಮತ್ತೆ ಕೆಲಸಕ್ಕೆ ಹೋದಳು.

ಕೆಲಸಕ್ಕೆ ಹೋದ ವಾರದಲ್ಲೇ ಪೆಟ್ಟಿಗೆ ಒಂದು ಬೆಳಿಗ್ಗೆ ಕೆಟ್ಟು ನಿಂತಿತು. ಬಾಣ ಬಂದು ರಿಪೇರಿ ಮಾಡುವವರೆಗೆ ಹಳೆಯ ಬೋರ್ಡಿನಲ್ಲೇ ನಡೆಸಿ ಎಂದರು. ನದಿ ದಂಡೆಯ ಕಟ್ಟಡದಿಂದ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೆಂದು ದೂರು ಬಂದಿತ್ತು. ಬಹಳ ದಿನದ ಮೇಲೆ ಅಕ್ಕ ಅಲ್ಲಿನ ಕಾವಲುಗಾರನಿಗೆ ಫೋನು ಹಚ್ಚಿದಳು. ಮುದುಕ ಕಾವಲುಗಾರ ಅವಳ ದನಿ ಕೇಳಿ ಖುಷಿಪಟ್ಟ. ಆಮೇಲೆ ಅಮ್ಮನ ವಿಷಯ ಎತ್ತಿ, ಪಾಪ, ನಿಮ್ಮ ತಮ್ಮ ಸುದ್ದಿ ಕೇಳಿ ಇಲ್ಲೇ ಕುಸಿದು ಕೂತ ಎಂದ. ಬಾವಿ ಹತ್ತಿ ಬಂದ ತಕ್ಷಣವೇ ಕೇಳಿಸಿಕೊಂಡನಾ ಎಂದು ಅಕ್ಕ ವಿಚಾರಿಸಿದಳು.

"ಎಲ್ಲಿ ಬಾವಿ ಅಕ್ಕಾ? ಕೆಲ್ಸ ಊಟದ ಮುಂಚೇನೇ ಮುಗಿದಿತ್ತು. ಹೊರಗೆ ಬಂದೆ ಅಂತ ಒತ್ತಿದ್ರೆ ಇನ್ನೊಂದು ಕಡೆ ಓಡಿಸ್ತಾರೆ ಅಂತ ಯಾರೂ ಒತ್ತಲ್ಲ. ಸಾಯಂಕಾಲದವರೆಗೂ ನನ್ನ ಜೊತೆ ಇಸ್ಪೀಟಾಡ್ತಾ ಇದ್ದ. ನೀವು ಮೊದಲಿನ ಹಾಗೆ ಒಂದು ಫೋನ್ ಹಾಕಿದ್ರೆ ಸಾಕಿತ್ತಲ್ಲ. ಫೋನು ಅವನ ಮೊಣಕೈ ಹತ್ರಾನೇ ಇತ್ತು."

ಅಕ್ಕ ಸರಿ ಎಂದಳು. ಬಾಗಿಲಿಗೆ ಮೆಕ್ಯಾನಿಕ್ ಬರುತ್ತಾನೆ ಎಂದಳು. ಫೋನಿಟ್ಟು, ಈಮೇಲ್ ನೋಡುವವಳಂತೆ ಕೋಣೆಯ ಬಾಗಿಲು ಹಾಕಿಕೊಂಡಳು.

ಮೊದಲು ಬಂದದ್ದು ಸಿಟ್ಟು. ತಮ್ಮನಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿ ನೋಡಿದಾಗಲೇ ಗೊತ್ತಿತ್ತು, ಗೊತ್ತಿದ್ದೇ ಅವಳ ಕಡೆ ಬೆರಳು ತೋರಿಸಿದ. ಹುಟ್ಟಿದ್ದಕ್ಕೆ ಒಂದು ತಪ್ಪು ತಲೆಗೆ ಕಟ್ಟಿಕೊಂಡವನು ಸಾವಿಗೆ ಇನ್ನೊಂದನ್ನು ಕಟ್ಟಿಕೊಳ್ಳಲಾರದೆ ಅಕ್ಕನ ತಲೆಗೆ ಕಟ್ಟಿದ. ಸಿಟ್ಟು ಸ್ವಲ್ಪ ಇಳಿದ ಮೇಲೆ ತಾನು ಅರ್ಧ ಒತ್ತಿದ ಸಂಖ್ಯೆ ನೆನಪಾಯಿತು. ಇನ್ನರ್ಧ ಒತ್ತಿದ್ದರೆ ಅವನೇ ಎತ್ತುತ್ತಿದ್ದನೇನೋ. ಅವನನ್ನು ಉಳಿಸಿದೆ ಎಂದು ಹಿಡಿದುಕೊಂಡಿದ್ದ ಸಮಾಧಾನವೂ ಕೈಬಿಟ್ಟು ಹೋಯಿತು.

ಸಾಹೇಬರಿಗೆ ಹೇಳಿದರೆ ಅವನ ಕೆಲಸ ಹೋಗುತ್ತದೆ. ಕೆಲಸದ ಹೊತ್ತಿನಲ್ಲಿ ಇಸ್ಪೀಟು, ಬಾವಿಯ ಹೆಸರಿನಲ್ಲಿ ಸುಳ್ಳು, ಅಷ್ಟು ಸಾಕು. ಮಾವನಿಗೆ ಹೇಳಿದರೆ ತನ್ನ ಮೇಲಿನ ಮಾತು ಅವನ ಮೇಲೆ ತಿರುಗುತ್ತದೆ, ಅಷ್ಟೇ. ಅವಳಿಗೆ ಬೇಕಾದದ್ದು ಅದಲ್ಲ. ತಮ್ಮ ಒಮ್ಮೆ ಎದುರಿಗೆ ಕೂತು, ಇಬ್ಬರ ಪಾಲೂ ಇದೆ ಕಣಕ್ಕ ಎಂದಿದ್ದರೆ ಸಾಕಿತ್ತು. ಆದರೆ ಅವನು ಅವಳ ಫೋನು ಎತ್ತುತ್ತಿರಲಿಲ್ಲ, ಮೆಟ್ಟಿಲ ಕೆಳಗಿನ ಕೋಣೆಯನ್ನು ಹಾಯಬೇಕಾಗುತ್ತದೆಂದು ಹಿಂಬಾಗಿಲಿನಿಂದ ಓಡಾಡುತ್ತಿದ್ದ. ಪೆಟ್ಟಿಗೆ ರಿಪೇರಿಯಾದ ದಿನ ಅವಳು ಮತ್ತೆ ಅವನ ಸಂಖ್ಯೆ ಹೊಡೆದು ಮೂರನ್ನು ಒತ್ತಿದಳು.

"ತಮ್ಮಾ, ನಾನು ಅಕ್ಕ. ಆವತ್ತು ನೀನು ಬಾವೀಲಿರ್ಲಿಲ್ಲ, ವಾಚ್‌ಮನ್ ಹತ್ರ ಇಸ್ಪೀಟಾಡ್ತಿದ್ದೆ ಅಂತ ಗೊತ್ತಾಯ್ತು. ಯಾರಿಗೂ ಹೇಳಲ್ಲ. ನಾನೂ ಫೋನ್ ಎತ್ತಿ ಇಟ್ಟೆ, ನನ್ನದೂ ತಪ್ಪಿದೆ. ಅಮ್ಮ ನಿನ್ನ ಬೈಕೊಳ್ಳಲಿಲ್ಲ ಕಣೋ, ಹುಷಾರಾಗಿ ಹತ್ತಲಿ ಅಂದ್ಲು. ಒಂದ್ಸಲ ಮನೆಗೆ ಬಾ."

ಆ ಸಂಜೆ ಅವನ ಪೇಜರು ಗುಂಯ್ ಎಂದಿರಬೇಕು. ಪೇಜರಿನಲ್ಲಿ ಸಂದೇಶ ಬಿಟ್ಟವರ ಸಂಖ್ಯೆ ಕಾಣುತ್ತದೆ. ಅವನು ಕೇಳಿಸಿಕೊಳ್ಳಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ದಿನಾ ಬೆಳಿಗ್ಗೆ ಅವಳು ಪರದೆಯ ಮೇಲೆ ನೋಡುತ್ತಿದ್ದಳು. ಅವನ ಸಂಖ್ಯೆಯ ಎದುರು ಒಂದು ಸಂದೇಶ, ಕೇಳಿಲ್ಲ ಎಂದೇ ಇರುತ್ತಿತ್ತು. ಕೇಳಲಿ, ಕೇಳಿ ಬೈಯಲಿ ಎಂದುಕೊಂಡು ಅವಳು ಅದನ್ನು ಹಾಗೇ ಬಿಟ್ಟಳು.

ಯೋಜನೆಯ ಪರಿಶೀಲನಾ ಸಭೆ ಬಂತು. ಅದೇ ಉದ್ದ ಮೇಜು. ದೊಡ್ಡ ಸಾಹೇಬರು ಸಂತೋಷದಲ್ಲಿದ್ದರು. ಬಾಣ ಹೊಸ ಕೋಟು ಹಾಕಿಕೊಂಡು ಬಂದಿದ್ದ. ಮನೆಯ ಸುದ್ದಿಯನ್ನು ಕಾಯಿಸುವ ಏರ್ಪಾಟನ್ನು ಬೇರೆ ಕಂಪನಿಗಳೂ ಕೇಳುತ್ತಿವೆ ಎಂದ, ಅದನ್ನು ತಾನು ಹೇಗೆ ಯೋಚಿಸಿದೆ ಎಂದು ವಿವರಿಸಿದ. ಅಪ್ಪನ ಎತ್ತಿದ ಎರಡು ಕೈಗಳು ಬೋರ್ಡಿನ ಮೇಲೆ ಒಂದು ಬಾಣವಾಗಿದ್ದವು. ಅಕ್ಕ ಕೇಳುತ್ತ ಕೂತಿದ್ದಳು. ಅಷ್ಟು ಹೊತ್ತಿಗೆ ಅವಳಿಗೆ ಕೂತು ಅಭ್ಯಾಸವಾಗಿತ್ತು.

ಮನೆಯ ಸಂದೇಶಗಳೆಲ್ಲ ತಲುಪಿವೆ, ಒಂದನ್ನು ಬಿಟ್ಟು ಎಂದ ಬಾಣ. ಒಬ್ಬ ಮೆಕ್ಯಾನಿಕ್ ದಿನಾ ಹೊರಗೆ ಬಂದು ಎರಡನ್ನು ಒತ್ತುತ್ತಿದ್ದಾನೆ, ಆದರೂ ಅದು ಕೇಳದೆ ಉಳಿದಿದೆ. ಪೆಟ್ಟಿಗೆ ಕೆಟ್ಟು ರಿಪೇರಿಯಾದ ದಿನದ್ದು, ಬಹುಶಃ ದನಿ ಸರಿಯಾಗಿ ದಾಖಲಾಗಿಲ್ಲ. ನೋಡೋಣ ಇರಿ ಎಂದು ಮೇಜಿನ ಮೇಲಿನ ಫೋನಿನ ಸ್ಪೀಕರ್ ಹಾಕಿದ. ಅಕ್ಕನಿಗೆ ಅರ್ಥವಾಗುವ ಮುಂಚೆಯೇ ಅವಳದೇ ದನಿ ಕೋಣೆ ತುಂಬ ಕೇಳಿಸಿತು. ಮನೆಯಿಂದ ಒಂದು ಸಂದೇಶವಿದೆ ಎಂದಿತು. ಆಮೇಲೆ ಅದೇ ದನಿ, ಆದರೆ ಓದಿದ ದನಿಯಲ್ಲ, ತಮ್ಮಾ, ನಾನು ಅಕ್ಕ, ಆವತ್ತು ನೀನು ಎಂದಿತು.

ಅವಳು ಎದ್ದು, ಮೇಜಿನ ಮೇಲೆ ಪೂರ್ತಿ ಬಗ್ಗಿ, ಸ್ಪೀಕರಿನ ಗುಂಡಿ ಒತ್ತಿದಳು. ಒಂದು ನೀರಿನ ಲೋಟ ಉರುಳಿತು. ಎಲ್ಲರೂ ಅವಳನ್ನೇ ನೋಡಿದರು.

"ಪರೀಕ್ಷೆಗೆ ಅಂತ ನಾನೇ ಬಿಟ್ಟಿದ್ದು ಸಾರ್. ತೆಗೆಯೋದು ಮರೆತೆ. ಅಳಿಸಿಬಿಡಿ."

ಪರೀಕ್ಷೆಗೂ ಎಷ್ಟು ಅಕ್ಕರೆಯಿಂದ ಮಾತಾಡಿದ್ದಾರೆ ನೋಡಿ ಎಂದು ದೊಡ್ಡ ಸಾಹೇಬರು ಮೆಚ್ಚಿಕೊಂಡರು. ಸರ್ವಿಸ್ ಮ್ಯಾನೇಜರು ನಕ್ಕರು. ಬಾಣ ತನ್ನ ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿ, ಆಯಿತು, ಇನ್ನು ಒಂದೂ ಇಲ್ಲ ಎಂದ. ಚೆಲ್ಲಿದ ನೀರನ್ನು ಅಕ್ಕ ಕರವಸ್ತ್ರದಿಂದ ಒರೆಸಿದಳು. ಮನೆಯ ಸುದ್ದಿಗಳಲ್ಲಿ ತಲುಪದೆ ಉಳಿದದ್ದು ಒಂದೂ ಇಲ್ಲವೆಂದು ವರದಿಯಲ್ಲಿ ಬರೆಸಿ, ದೊಡ್ಡ ಸಾಹೇಬರು ಮೊದಲು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಎಲ್ಲರೂ ತಟ್ಟುತ್ತಿದ್ದಾರೆಂದು ಅವಳೂ ತಟ್ಟಿದಳು.